ಉಪ್ಪಿನ ಕೈ

ದೋಣಿ ಮೇಸ್ತ್ರಿಯ ಕೈ ತಾಗಿದರೆ ಎಂಥ ಸೋರುವ ದೋಣಿಯೂ ಬಾಯಿ ಮುಚ್ಚುತ್ತಿತ್ತು. ಅವನಿಂದ ಮುಚ್ಚಲಾಗದ್ದು ತನ್ನ ಹೊಟ್ಟೆಕಿಚ್ಚೊಂದೇ. ಅದೂ ಒಡಹುಟ್ಟಿದ ತಮ್ಮನ ಮೇಲೆ.

ತಮ್ಮ ವಾರಕ್ಕೆರಡು ಸಲ ಎದುರಿನ ದ್ವೀಪದ ದೀಪಸ್ತಂಭಕ್ಕೆ ಸಾಮಾನು ಒಯ್ಯುತ್ತಿದ್ದ. ಯಾವ ಕಾಲದಲ್ಲೋ ಯಾರೋ ಅಲ್ಲಿ ಬಿಟ್ಟುಹೋದ ಮೇಕೆಗಳು ಸಂತಾನ ಬೆಳೆದು ಪೂರ್ತಿ ಕಾಡುಮೇಕೆಗಳಾಗಿದ್ದವು. "ಇವತ್ತು ಗಡ್ಡದ ಹೋತ ಹತ್ತೇ ಮಾರು ದೂರದಲ್ಲಿ ನಿಂತು ನನ್ನನ್ನೇ ನೋಡ್ತಿತ್ತಮ್ಮಾ," ಎಂದು ಊಟಕ್ಕೆ ಕೂತಾಗ ತಮ್ಮ ಶುರುಮಾಡಿದರೆ ಅಮ್ಮ ಮೈಯೆಲ್ಲ ಕಿವಿಯಾಗುತ್ತಿದ್ದಳು. ಮೇಸ್ತ್ರಿಯ ಹೆಂಡತಿಯೂ ಸೌಟು ಹಿಡಿದು ನಿಂತುಬಿಡುತ್ತಿದ್ದಳು. ಮೇಸ್ತ್ರಿ ಅಂದು ದೊಡ್ಡ ದೋಣಿಯೊಂದಕ್ಕೆ ಹೊಸ ತಳ ಕೂರಿಸಿದ್ದನ್ನು ಯಾರೂ ವಿಚಾರಿಸಿರಲಿಲ್ಲ.

ರಜೆಯ ದಿನಗಳಲ್ಲಿ ಅವನು ಜೇಬು ತುಂಬ ಕಲ್ಲುಪ್ಪು ತುಂಬಿಕೊಂಡು ಒಬ್ಬನೇ ದ್ವೀಪಕ್ಕೆ ಹೋಗತೊಡಗಿದ. ಬಂಡೆಯ ಮೇಲೆ ನಿಂತು ಗಟ್ಟಿಯಾಗಿ ಕೂಗಿ, ಮೇಕೆಗಳತ್ತ ಉಪ್ಪು ಬೀಸಿ ಎಸೆಯುತ್ತಿದ್ದ. ಐದು ತಿಂಗಳಾಗುವಷ್ಟರಲ್ಲಿ ಗಡ್ಡದ ಹೋತ ಅವನ ಅಂಗೈಯನ್ನೇ ನೆಕ್ಕಿತು. ತಮ್ಮನನ್ನು ಕರೆದೊಯ್ದು ತೋರಿಸಿದ. ಅವನ ಮುಖ ಸಪ್ಪಗಾದದ್ದು ಕಂಡು ಮೇಸ್ತ್ರಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಕಾಡುಪ್ರಾಣಿಗೆ ಭಯ ಇರ್ಬೇಕು ಕಣಣ್ಣಾ," ಎಂದ ತಮ್ಮ.

"ಹೊಟ್ಟೆಕಿಚ್ಚು ನಿಂಗೆ!" ಎಂದ ಮೇಸ್ತ್ರಿ. ಹೇಳುವವನು ನೋಡಿ!

ಆಮೇಲೆ ಸರ್ಕಾರದ ಆದೇಶ ಬಂತು: ಮೇಕೆಗಳು ದ್ವೀಪದ ಸಸಿಗಳನ್ನೆಲ್ಲ ಬೋಳಿಸುತ್ತಿವೆ, ಹಿಡಿದು ಕಸಾಯಿಖಾನೆಗೆ ಸಾಗಿಸಿ. ಮೇಕೆ ಹಿಡಿಯಲು ಬಲೆಯವರು ಹೊರಡುವ ಬೆಳಿಗ್ಗೆ ಅಣ್ಣತಮ್ಮಂದಿರು ಅವರಿಗಿಂತ ಮೊದಲೇ ದ್ವೀಪ ಮುಟ್ಟಿದರು. ಮೇಕೆಗಳನ್ನು ಆಚೆಯ ಕಡಿದಾದ ಬಂಡೆಗಳಿಗೆ ಅಟ್ಟಿಬಿಟ್ಟರೆ ಯಾವ ಬಲೆಗೂ ಸಿಗುವಂತಿರಲಿಲ್ಲ.

ತಮ್ಮ ಒಂದು ಕಡೆಯ ಇಳಿಜಾರಿಗೆ ಹೋಗಿ ಒಮ್ಮೆ ಚಪ್ಪಾಳೆ ತಟ್ಟಿದ. ಅಲ್ಲಿದ್ದ ಮೇಕೆಗಳು ಕಾಲಿಗೆ ಬುದ್ಧಿ ಹೇಳಿದವು.

ಮೇಸ್ತ್ರಿ ತನ್ನ ಬಂಡೆಯ ಬಳಿ ನಿಂತು, "ಹೋಗ್ರೋ! ದೂರ ಹೋಗ್ರೋ!" ಎಂದು ಗಂಟಲು ಹರಿಯುವಂತೆ ಕೂಗಿದ. ಆ ದನಿ ಕೇಳಿ ಇನ್ನೂ ಹತ್ತು ಮೇಕೆಗಳು ಓಡಿ ಬಂದವು. ಕಲ್ಲು ಬೀಸಿ ಎಸೆದ. ಗಡ್ಡದ ಹೋತ ಆ ಕಲ್ಲನ್ನು ಹುಡುಕಿ ಹೋಗಿ ನೆಕ್ಕಿತು. ಉಪ್ಪು ಸಿಗದೆ ಮತ್ತೆ ಅವನ ಕಾಲ ಬಳಿಗೇ ಬಂತು. ಅಷ್ಟರಲ್ಲಿ ಬಲೆಯವರ ದೋಣಿ ದಡಕ್ಕೆ ತಾಗಿತು.

ದೂರದಲ್ಲಿ ತಮ್ಮ, ಒಂದೂ ಮೇಕೆಯಿಲ್ಲದ ಇಳಿಜಾರಿನಲ್ಲಿ ಒಬ್ಬನೇ ನಿಂತಿದ್ದ. ಮೇಸ್ತ್ರಿಗೆ ಅವನ ಮೇಲೆ ಹುಟ್ಟಿದಾಗಿನಿಂದ ಆಗದಷ್ಟು ಹೊಟ್ಟೆಕಿಚ್ಚಾಯಿತು.