ದಸ್ತಗೀರನ ಪೇಡೆ

ದಸ್ತಗೀರ ಆ ಪೇಡೆ ಯಾಕೆ ತಂದಿದ್ದ ಎಂಬುದು ನನಗೆ ಗೊತ್ತಿತ್ತು. ಆ ರೈಲಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಹೇಳಬೇಕಾದ ಹೊತ್ತಿನಲ್ಲಿ ಎರಡು ಸಲ ನಾನು ಬಾಯಿ ಮುಚ್ಚಿಕೊಂಡೆ. ಒಮ್ಮೆ ಸೇಡಿಗೆ, ಇನ್ನೊಮ್ಮೆ ಹೆದರಿ. ಹೆದರಿದ್ದನ್ನು ಯಾರಾದರೂ ಕ್ಷಮಿಸಬಹುದೇನೋ. ಆದರೆ ಮೊದಲನೆಯದು ನಡೆಯದೆ ಇದ್ದಿದ್ದರೆ ಎರಡನೆಯದು ಬರುತ್ತಲೇ ಇರಲಿಲ್ಲ.

ಎಂಬತ್ತರ ದಶಕದಲ್ಲಿ ನಾವಿಬ್ಬರೂ ಕಾಂದಿವಲಿಯಿಂದ ಚರ್ಚ್‌ಗೇಟಿಗೆ ಒಂದೇ ಲೋಕಲ್ ಹಿಡಿಯುತ್ತಿದ್ದೆವು. ನಾನು ಮೈಸೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ ವಿಮಾ ಕಚೇರಿಗೆ ಸೇರಿಕೊಂಡವನು. ಅವನು ಧಾರವಾಡದವನು, ಕಟ್ಟಡಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ರೈಲಿನಲ್ಲಿ ನಮ್ಮದೊಂದು ಗುಂಪಿತ್ತು. ಕೂತವರು ಅಂಧೇರಿ ಬಂದಾಗ ಎದ್ದು, ನಿಂತವರಿಗೆ ಜಾಗ ಬಿಡಬೇಕು, ಕ್ರಿಕೆಟ್ ಬಿಟ್ಟು ಬೇರೆ ಮಾತು ತೆಗೆಯಬಾರದು — ಇವೆರಡೇ ಕಟ್ಟಳೆ. ಗುಂಪಿನ ಹಿರಿಯ ಸಾವಂತ್, ಬಂದರಿನಲ್ಲಿ ಗುಮಾಸ್ತ, ದೊಡ್ಡ ಗಂಟಲಿನ ಮನುಷ್ಯ. ಅಲ್ಲಿ ಯಾವ ಬ್ಯಾಟ್ಸ್‌ಮನ್ನನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ನಮ್ಮವ’, ‘ನಿಮ್ಮವ’ ಅಷ್ಟೇ. ಅವರವನು ಮುಂಬಯಿಯ ಓಪನರ್. ನಮ್ಮವನು — ನನ್ನವನೂ ದಸ್ತಗೀರನವನೂ — ಕರ್ನಾಟಕದ ಆ ಗಿಡ್ಡ ಮನುಷ್ಯ, ಸ್ಕ್ವೇರ್ ಕಟ್ ಹೊಡೆದರೆ ಚೆಂಡು ಬೌಂಡರಿಗೆ ಹೋಯಿತೋ ಇಲ್ಲವೋ ಎಂದು ನೋಡುವ ಅಗತ್ಯವೇ ಬೀಳದಂಥ ಮನುಷ್ಯ. ಇಡೀ ಬೋಗಿ ಒಂದು ಕಡೆ, ನಾವಿಬ್ಬರು ಒಂದು ಕಡೆ. ಆ ಊರಿನಲ್ಲಿ ನನಗೆ ಸಿಕ್ಕಿದ ಮೊದಲ ನಂಟು ಅದು.

ಶಾರ್ಜಾದಲ್ಲಿ ಪಾಕಿಸ್ತಾನದವನು ಕೊನೆಯ ಚೆಂಡಿಗೆ ಸಿಕ್ಸರ್ ಹೊಡೆದು ನಮ್ಮನ್ನು ಸೋಲಿಸಿದ ಮರುದಿನ ಬೆಳಿಗ್ಗೆ, ಕಾಂದಿವಲಿಯ ಪ್ಲಾಟ್‌ಫಾರ್ಮಿನಲ್ಲಿ ದಸ್ತಗೀರ ನನ್ನನ್ನು ಕಂಬದ ಮರೆಗೆ ಕರೆದ. ರಾತ್ರಿ ಮಗಳು ಹುಟ್ಟಿದ್ದಳು. ಊರಿನಿಂದ ಬಂದ ಮಾವ ಧಾರವಾಡ ಪೇಡೆಯ ಡಬ್ಬಿ ತಂದಿದ್ದರು. ನನ್ನ ಕೈಗೆ ಎರಡು ಪೇಡೆ ಹಾಕಿ, ಅವನು ಡಬ್ಬಿ ಮುಚ್ಚಿ ಚೀಲದೊಳಗೆ ತುರುಕಿದ. ಇವತ್ತು ಎಲ್ಲರೂ ಸೋತು ಕೂತಿರುತ್ತಾರೆ, ಸಿಹಿ ಹಂಚಿದರೆ ಚೆನ್ನಾಗಿರೋದಿಲ್ಲ ಎಂದ. ಮ್ಯಾಚಿನ ಸಂಕಟಕ್ಕೆ ಅವನ ಕಣ್ಣುಗಳೂ ಕೆಂಪಾಗಿದ್ದವು. ಬೋಗಿಯಲ್ಲಿ ಚೀಲದಿಂದ ಪೇಪರ್ ತೆಗೆಯುವಾಗ ಡಬ್ಬಿ ಇಣುಕಿತ್ತು, ಸಾವಂತ್ ಅದನ್ನು ಕಂಡಿದ್ದ. ಯಾರೂ ಏನೂ ಕೇಳಲಿಲ್ಲ. ಆಮೇಲೆ ದಸ್ತಗೀರ ರಜೆ ಹಾಕಿದ. ಮರಳಿ ಬಂದ ಮೇಲೆ ಮಗಳ ಸುದ್ದಿ ಹೇಳಿ ಎಲ್ಲರಿಗೂ ವಡಾ ಪಾವ್ ಕೊಡಿಸಿದ. ಪೇಡೆಯ ಮಾತು ಅಲ್ಲಿಗೆ ಮುಗಿದಿತ್ತು. ಮುಗಿಯಬೇಕಿತ್ತು.

ಕೆಲವು ವರ್ಷ ಕಳೆದವು. ನಮ್ಮವನು ಆಟ ಬಿಟ್ಟು ಬಹಳ ಕಾಲವಾಗಿತ್ತು. ಮುಂಬಯಿಯ ಗುಂಗುರು ಕೂದಲಿನ ಹುಡುಗನೊಬ್ಬ ಬಂದಿದ್ದ, ಊರಿಗೆ ಊರೇ ಅವನ ಹಿಂದೆ. ನಾನೂ — ಹೇಗೆಂದು ಹೇಳಲಿ — ಅವರ ಕಡೆಗೆ ಸರಿದುಬಿಟ್ಟಿದ್ದೆ. ಮರಾಠಿಯಲ್ಲಿ ‘ಆಪ್ಲಾ’, ನಮ್ಮವ, ಎನ್ನಲು ಕಲಿತಿದ್ದೆ. ಒಂದು ಬೆಳಿಗ್ಗೆ ಮಾತಿನ ಭರದಲ್ಲಿ, ಗಿಡ್ಡನ ಆಟ ನೋಡಲು ಚೆಂದ, ಆದರೆ ಗೆಲ್ಲಿಸುವ ಆಟ ಅಲ್ಲ ಎಂದೆ. ಮದರಾಸಿನಲ್ಲಿ ಅವನು ನೂರರ ಅಂಚಿಗೆ ಬಂದು ನಿಂತ ಆ ಇನಿಂಗ್ಸನ್ನು ಸ್ಟೇಡಿಯಂನಲ್ಲಿ ಕೂತು ಕಣ್ಣಾರೆ ನೋಡಿದವನು ನಾನು, ನನ್ನ ಮಾತು ನಂಬಿ — ಎಂದೂ ಸೇರಿಸಿದೆ.

ದಸ್ತಗೀರ ನಕ್ಕ. “ಯಾಕಪಾ ಮೂರ್ತಿ, ಪಾರ್ಟಿ ಬದಲಿ ಮಾಡೀಯೇನು?” ಎಂದು ಕನ್ನಡದಲ್ಲಿ ಕೇಳಿ, ಆಮೇಲೆ ಎಲ್ಲರಿಗೂ ತಿಳಿಯುವಂತೆ ಹಿಂದಿಯಲ್ಲಿ ಹೇಳಿದ — ಇವನು ಮದರಾಸಿಗೆ ಹೋಗೇ ಇಲ್ಲ, ಹಾಸ್ಟೆಲಿನಲ್ಲಿ ರೇಡಿಯೋ ಕೇಳಿದ್ದು. ನಿಜ. ಅವನೊಬ್ಬನಿಗೆ ನಾನೇ ಹೇಳಿಕೊಂಡಿದ್ದೆ. ಬೋಗಿ ನಕ್ಕಿತು. ಸಾವಂತ್ ನನ್ನನ್ನು ‘ರೇಡಿಯೋ’ ಎಂದು ಕರೆದ. ಇಷ್ಟೇ ನಡೆದದ್ದು. ಇಷ್ಟಕ್ಕೇ ನಾನು —

“ಶಾರ್ಜಾ ಕೇ ದೂಸ್ರೇ ದಿನ್ ಪೇಢೇ ಕೌನ್ ಲಾಯಾ ಥಾ?”

ಅಂದೆ. ಶಾರ್ಜಾದ ಮರುದಿನ ಪೇಡೆ ತಂದವರು ಯಾರು? ಸುಳ್ಳಲ್ಲ, ಬರೀ ಪ್ರಶ್ನೆ. ಅರ್ಧ ವಾಕ್ಯ. ನಗು ಒಮ್ಮೆಲೇ ನಿಂತಿತು. ಸಾವಂತ್‌ಗೆ ಡಬ್ಬಿ ನೆನಪಾದದ್ದು ಅವನ ಮುಖದಲ್ಲೇ ಕಂಡಿತು. ದಸ್ತಗೀರ ನನ್ನನ್ನೇ ನೋಡುತ್ತಿದ್ದ. ಅವನಿಗೆ ಸಿಟ್ಟು ಬಂದಿರಲಿಲ್ಲ. ತಮಾಷೆಯ ಉಳಿದರ್ಧಕ್ಕೆ ಕಾಯುತ್ತಿದ್ದ. “ಪೂರಾ ಹೇಳು” ಎಂದ. ನಾನು ಕಿಟಕಿಯ ಕಡೆ ತಿರುಗಿ ನಕ್ಕೆ.

ಕೊನೆಗೆ ಅವನೇ ಹೇಳಿದ, ಮಗಳು ಹುಟ್ಟಿದ್ದಕ್ಕೆ ತಂದದ್ದು ಎಂದು. ಅದನ್ನು ಯಾರೂ ನಂಬಲಿಲ್ಲ. ಮಹಾರಾಷ್ಟ್ರದಲ್ಲಿ ಗಂಡು ಹುಟ್ಟಿದರೆ ಪೇಡೆ, ಹೆಣ್ಣು ಹುಟ್ಟಿದರೆ ಬರ್ಫಿ. “ಮುಲ್ಗೀ ಝಾಲೀ ತರ್ ಬರ್ಫಿ ವಾಟ್ತಾತ್ ರೇ!” ಎಂದು ಸಾವಂತ್ ಅವನ ಬೆನ್ನು ತಟ್ಟಿದ. ನಮ್ಮ ಕಡೆ ಹೆಣ್ಣಿರಲಿ ಗಂಡಿರಲಿ ಪೇಡೆಯೇ, ಧಾರವಾಡದವರಿಗಂತೂ ಎಲ್ಲದಕ್ಕೂ ಪೇಡೆಯೇ — ಇದನ್ನು ಆ ಬೋಗಿಯಲ್ಲಿ ಹೇಳಬಹುದಾದ ಇನ್ನೊಬ್ಬ ಕನ್ನಡಿಗ ನಾನೇ.

ಅಂದಿನಿಂದ ಅವನ ಹೆಸರು ‘ಪೇಢಾ’ ಎಂದಾಯಿತು. ದ್ವೇಷದಿಂದ ಯಾರೂ ಕರೆಯುತ್ತಿರಲಿಲ್ಲ. ಪೇಢಾ, ಸ್ಕೋರ್ ಎಷ್ಟು? ಪೇಢಾ, ಸರಿದು ಕೂರು. ಹೊಸಬರು ಬಂದರೆ ಸಾವಂತ್ ಆ ಕಥೆಯನ್ನು ನಗುನಗುತ್ತಾ ಹೇಳುತ್ತಿದ್ದ. ದಸ್ತಗೀರನೂ ಓಗೊಡುತ್ತಿದ್ದ. ಅವನು ನನ್ನೊಡನೆ ಕನ್ನಡದಲ್ಲಿ ಮಾತಾಡುವುದು ಮಾತ್ರ ಕಡಿಮೆಯಾಗಿತ್ತು.

ಆಮೇಲೆ ಮಸೀದಿ ಬಿದ್ದ ಆ ಚಳಿಗಾಲ ಬಂತು. ಡಿಸೆಂಬರಿನಲ್ಲಿ ಊರು ಉರಿಯಿತು, ಜನವರಿಯಲ್ಲಿ ಮತ್ತೆ ಉರಿಯಿತು. ಲೋಕಲ್‌ಗಳು ಅರ್ಧ ಖಾಲಿ ಓಡುತ್ತಿದ್ದವು. ವಾರಗಟ್ಟಲೆ ಮನೆಯಲ್ಲಿದ್ದ ದಸ್ತಗೀರ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟು ನಮ್ಮ ಬೋಗಿ ಹತ್ತಿದ. ಅವನನ್ನು ಕಂಡ ಸಂತೋಷಕ್ಕೆ — ಹೌದು, ಸಂತೋಷಕ್ಕೇ — ಸಾವಂತ್ ಆ ತುದಿಯಿಂದ ಕೂಗಿದ, “ಅರೇ ಪೇಢಾ, ಇಕಡೆ ಯೇ!”

ಪಕ್ಕದಲ್ಲಿ ನಮಗೆ ಗುರುತಿಲ್ಲದ ನಾಲ್ಕಾರು ಗಂಡಸರು ನಿಂತಿದ್ದರು. ಪೇಢಾ ಅಂತ ಯಾಕೆ ಹೆಸರು, ಎಂದು ಅವರಲ್ಲೊಬ್ಬ ಕೇಳಿದ. ಸಾವಂತ್ ಎಂದಿನ ಅಭ್ಯಾಸದಂತೆ ಕಥೆ ಶುರುಮಾಡಿದ. ನಡುವೆ ಅವನ ಗಂಟಲು ಇಳಿಯಿತು, ಎಲ್ಲಿಗೆ ಬಂದುಬಿಟ್ಟೆನೆಂದು ಅವನಿಗೆ ಹೊಳೆಯಿತು. ಅಷ್ಟರಲ್ಲಿ ಕಥೆ ಮುಗಿದುಹೋಗಿತ್ತು.

ಅವರು ದಸ್ತಗೀರನ ಕಾಲರ್ ಹಿಡಿದು ಬಾಗಿಲಿಗೆ ಎಳೆದರು. ಮಗಳು ಹುಟ್ಟಿದ್ದಕ್ಕೆ ತಂದದ್ದು ಎಂದು ಅವನು ಹೇಳುತ್ತಲೇ ಇದ್ದ. ಮಗಳಿಗೆ ಪೇಡೆಯಾ, ಎಂದು ಒಬ್ಬ ನಕ್ಕ. ಸಾವಂತ್ ಏಳಲು ಹೋದ. ಅವನನ್ನು ತಳ್ಳಿ ಕೂರಿಸಿದರು. ಆಗ ದಸ್ತಗೀರ ನನ್ನ ಕಡೆ ತಿರುಗಿದ. ಬಹಳ ದಿನಗಳ ಮೇಲೆ ಕನ್ನಡದಲ್ಲಿ ಅಂದ —

“ಮೂರ್ತಿ, ನೀ ಹೇಳೋ. ನೀನ ತಿಂದೀಯಲ್ಲ. ಪೂರಾ ಹೇಳು.”

ಕಾಲರ್ ಹಿಡಿದವನು ನನ್ನನ್ನು ನೋಡಿ ಕೇಳಿದ, ಇವನು ಏನು ಹೇಳ್ತಿದಾನೆ?

“ಪತಾ ನಹೀ” ಎಂದೆ. ಗೊತ್ತಿಲ್ಲ.

ನನ್ನದೇ ಭಾಷೆ. ನನ್ನ ಹೆಸರು ಹಿಡಿದು ಕರೆದಿದ್ದ. ಗೊತ್ತಿಲ್ಲ ಎಂದೆ.

ರೈಲು ಅಂಧೇರಿಯ ಪ್ಲಾಟ್‌ಫಾರ್ಮಿಗೆ ಬರುತ್ತಿತ್ತು, ಇನ್ನೂ ನಿಂತಿರಲಿಲ್ಲ. ಅವನನ್ನು ತಳ್ಳಿದರು. ಹಳಿಯ ಮೇಲಲ್ಲ, ಪ್ಲಾಟ್‌ಫಾರ್ಮಿನ ಮೇಲೇ ಬಿದ್ದ. ಬಲಗೈ ಮೈಯಡಿ ಸಿಕ್ಕಿತ್ತು. ಅವನು ಹೊರಳಿದಾಗ ಮಣಿಕಟ್ಟು ತಿರುಗಬಾರದ ಕಡೆಗೆ ತಿರುಗಿದ್ದು ಕಂಡಿತು. ರೈಲು ನಿಂತಿತು. ತಳ್ಳಿದವರು ಇಳಿದು ಜನರೊಳಗೆ ಸೇರಿಹೋದರು, ಅವರ ಹಿಂದೆ ಸಾವಂತ್ ಅಳುತ್ತಾ ಇಳಿದು ಅವನ ಕಡೆ ಓಡಿದ. ನಾನು ಇಳಿಯಲಿಲ್ಲ. ಅಂಧೇರಿ ಬಂದರೆ ಕೂತವರು ಏಳಬೇಕೆಂಬ ಕಟ್ಟಳೆ — ಅಂದು ನಾನು ಕೂತೇ ಇದ್ದೆ. ದಸ್ತಗೀರನ ಊಟದ ಡಬ್ಬಿ ಮೇಲಿನ ರ‍್ಯಾಕಿನಲ್ಲಿತ್ತು. ಚರ್ಚ್‌ಗೇಟಿನಲ್ಲಿ ಅದನ್ನೂ ಅಲ್ಲೇ ಬಿಟ್ಟು ನಡೆದೆ.

ಆಸ್ಪತ್ರೆಗೆ ಸಾವಂತ್ ಹೋಗಿಬಂದ. ಕೈಗೆ ಆಪರೇಶನ್ ಆಗಿದೆ, ಇನ್ನು ನಕ್ಷೆ ಬರೆಯಲು ಬಾರದು, ಸಂಸಾರ ಕುರ್ಲಾದಲ್ಲಿ ಹೆಂಡತಿಯ ಅಣ್ಣನ ಮನೆಗೆ ಹೋಗುತ್ತಿದೆ ಎಂದ. ದಸ್ತಗೀರ ಗುಂಪಿನ ಒಬ್ಬೊಬ್ಬರ ಹೆಸರು ಹಿಡಿದು ಕ್ಷೇಮ ವಿಚಾರಿಸಿದನಂತೆ. ನನ್ನದು? ಎಂದು ಕೇಳಿದೆ. ಸಾವಂತ್ ತಲೆಯಾಡಿಸಿದ. ಇಲ್ಲ.

ಎಷ್ಟೋ ವರ್ಷಗಳಾದವು. ಈಗಲೂ ಅಂಧೇರಿ ಬಂದರೆ ನನ್ನ ಕೈ ಕಿಟಕಿಯ ಸರಳನ್ನು ಹಿಡಿದುಕೊಳ್ಳುತ್ತದೆ. ಟೀವಿಯಲ್ಲಿ ಔಟಾದದ್ದನ್ನು ಮತ್ತೆ ಮತ್ತೆ ನಿಧಾನವಾಗಿ ತೋರಿಸುತ್ತಾರಲ್ಲ, ಹಾಗೆ — ಅವನು ತಿರುಗುತ್ತಾನೆ, ಬಾಯಿ ತೆರೆಯುತ್ತಾನೆ, ನಾನು — ಎಷ್ಟು ಸಲ ನೋಡಿದರೂ ನಾನು ಬೇರೆ ಮಾತು ಆಡುವುದಿಲ್ಲ.

ಕಳೆದ ತಿಂಗಳು ಮಾಟುಂಗದ ಉಡುಪಿ ಹೋಟೆಲಿನಲ್ಲಿ ಸಾವಂತ್ ಸಿಕ್ಕಿದ. ಮುದುಕನಾಗಿದ್ದಾನೆ, ಆ ಗಂಟಲು ಈಗಿಲ್ಲ. ಕಾಫಿ ಮುಗಿಯುವ ಹೊತ್ತಿಗೆ ಕೇಳಿದ — ಮೂರ್ತಿ, ಆ ಪೇಡೆ ನಿಜವಾಗಿ ಯಾಕಿತ್ತು? ನಿನಗೇನಾದರೂ ಗೊತ್ತಾ? ಆ ಕಥೆ ನನ್ನ ಬಾಯಿಂದಲೇ ಬಂತಲ್ಲ, ನಿದ್ದೆ ಬರೋದಿಲ್ಲ.

ಬಿಡು, ಹಳೆಯ ಮಾತು — ಎಂದೆ.

ಹಾಗಾಗಿ ಎರಡು ಸಲ ಅಲ್ಲ, ಮೂರು ಸಲ. ಮೂರನೆಯ ಸಲ ಸೇಡಿರಲಿಲ್ಲ, ಕಾಲರ್ ಹಿಡಿದವರೂ ಇರಲಿಲ್ಲ. ಎದುರಿಗಿದ್ದವನು ಒಬ್ಬ ಮುದುಕ.

ಇದನ್ನು ಕೂಡ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಸಾವಂತನಿಗೆ ಓದಲು ಬಾರದ ಭಾಷೆಯಲ್ಲಿ. ಅದು ತಿಳಿಯದಷ್ಟು ಮುಗ್ಧ ನಾನಲ್ಲ. ನಾಳೆ ಬೆಳಿಗ್ಗೆ ಅವನ ಮನೆಗೆ ಹೋಗಬೇಕು. ಅವನಿಗೆ ತಿಳಿಯುವ ಮರಾಠಿಯಲ್ಲಿ ಹೇಳಬೇಕು — ಆ ಪೇಡೆ ದಸ್ತಗೀರನ ಮಗಳು ಹುಟ್ಟಿದ್ದಕ್ಕೆ. ನಮ್ಮ ಕಡೆ ಮಗಳಿಗೂ ಪೇಡೆಯೇ ಹಂಚುತ್ತಾರೆ. ಅವನು ನನ್ನ ಕೈಗೆ ಎರಡು ಹಾಕಿದ. ನಾನು ಎರಡನ್ನೂ ತಿಂದೆ.