ಮಾವನ ಕಪ್ಪು ರೂಪಾಯಿಗಳು

ನನ್ನ ಮೊಮ್ಮಗಳು ಅಕ್ಷತಾಳಿಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಟೀಚರ್ ಕೆಲಸ ಆಯಿತು! ಇವತ್ತು ಬೆಳಿಗ್ಗೆ ಪೋಸ್ಟ್‌ಮ್ಯಾನ್ ಆಯ್ಕೆಯಾದ ಅಡ್ವೈಸ್ ಮೆಮೊ ತಂದುಕೊಟ್ಟ. ನಮ್ಮ ಗಡಿನಾಡಿನ ಸರ್ಕಾರಿ ಕಾಗದವಲ್ಲವೇ, ಮಲಯಾಳದಲ್ಲಿತ್ತು. ಮೂರು ಸಲ ಅವಳಿಂದ ಓದಿಸಿ ಅರ್ಥ ಹೇಳಿಸಿಕೊಂಡೆ, ಆದರೂ ಸಾಕಾಗಲಿಲ್ಲ. ಸಂತೋಷಕ್ಕೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬಂದವರಿಗೆಲ್ಲ ಹೇಳಿದೆ, ಮೀನು ತಂದವನಿಗೂ ಹೇಳಿದೆ. "ನಿಮಗೇ ಕೆಲಸ ಆದ ಹಾಗುಂಟಲ್ಲ ಅಜ್ಜೀ!" ಎಂದು ನಗಾಡಿ ಎರಡು ಬಂಗುಡೆ ಹೆಚ್ಚಿಗೆ ಹಾಕಿ ಹೋದ. ಸೊಸೆ ದೇವರಿಗೆ ದೀಪ ಇಡಬೇಕೆಂದು ಹಿತ್ತಲಲ್ಲಿ ಕೂತು ಹುಳಿ, ಬೂದಿ ಹಾಕಿ ಕಾಲುದೀಪ ಉಜ್ಜತೊಡಗಿದಳು. ಆ ಹುಳಿ, ಆ ಒದ್ದೆ ಬೂದಿ, ತಿಕ್ಕಿದ ಲೋಹ, ಮೂರೂ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಗುತ್ತಿದ್ದ ನಾನು ಅಲ್ಲೇ ಮೆಟ್ಟಿಲಲ್ಲಿ ಕೂತುಬಿಟ್ಟೆ. ಎಪ್ಪತ್ತು ವರ್ಷ ಹಿಂದಿನ, ಹೊಸವರ್ಷದ ಒಂದು ಬಿಸು ಹಬ್ಬದ ಮುನ್ನಾದಿನ, ನಮ್ಮ ಬಾವಿಕಟ್ಟೆ, ಅಮ್ಮನ ನೆನೆದು ನೆರಿಗೆಗಟ್ಟಿದ ಬೆರಳುಗಳು ಕಣ್ಣಮುಂದೆ ಬಂದವು. ನಾನು ಐದನೆಯ ಕ್ಲಾಸಿನವರೆಗೆ ಮಾತ್ರ ಓದಿದವಳು. ಮೊಮ್ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಹಿಡಿದು ಇದನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ಟೀಚರೇ ತಿದ್ದಲಿ.

ನಮ್ಮ ಮನೆ ಬಂದ್ಯೋಡಿನ ಹತ್ತಿರ, ರಸ್ತೆಯ ಅಂಚಿಗೇ ಇತ್ತು. ಹಿಂದೆ ರೈಲುಹಳಿ, ಅದರಾಚೆ ಕಡಲು. ಈಗ ಆ ಮನೆ ಇಲ್ಲ, ಆರು ಸಾಲಿನ ಹೆದ್ದಾರಿ ಅದರ ಮೇಲೇ ಹೋಗಿದೆ. ಬಸ್ಸು ಅಲ್ಲಿ ದಾಟುವಾಗ ನಾನು ಪ್ರತಿ ಸಲವೂ ಕಾಲು ಮಡಚಿ ಕೂರುತ್ತೇನೆ, ಅಮ್ಮನ ಅಡುಗೆಕೋಣೆಯನ್ನು ಎಲ್ಲಿ ತುಳಿದುಬಿಡುತ್ತೇನೋ ಅನಿಸುತ್ತದೆ. ನಿಮ್ಮಲ್ಲಿಯೂ ಹಾಗೆ ಮನೆ ಕಳೆದುಕೊಂಡವರಿದ್ದರೆ ನಿಮಗೆ ಇದು ಹುಚ್ಚೆಂದು ಕಾಣಲಿಕ್ಕಿಲ್ಲ. ನಮ್ಮದು ಅಳಿಯಸಂತಾನದ ತುಳುವರ ಮನೆ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬಂದರೆ ಬಂದರು. ನಾನೂ ಅಮ್ಮನೂ ಅಮ್ಮನ ಅಣ್ಣನ ಆಶ್ರಯದಲ್ಲಿದ್ದೆವು. ಅವರೇ ನನ್ನ ಮಾವ, ಮನೆಯ ಯಜಮಾನರು. ಮದುವೆಯಾಗದ ಮನುಷ್ಯ. ಎತ್ತರದ ಧ್ವನಿಯಲ್ಲಿ ಮಾತಾಡಿದವರಲ್ಲ, ಕೈ ಎತ್ತಿದವರಲ್ಲ. ಅವರಿಗೆ ಇದ್ದದ್ದು ಒಂದೇ ಮರುಳು: ಬ್ರಿಟಿಷರ ನಾಣ್ಯ. ಉಪ್ಪರಿಗೆಯ ಕೋಣೆಯಲ್ಲಿ ಹಲಸಿನ ಮರದ ದೊಡ್ಡ ಪೆಟ್ಟಿಗೆ, ಅದರೊಳಗೆ ಸಣ್ಣ ಸಣ್ಣ ಖಾನೆ, ಒಂದೊಂದು ಖಾನೆಯಲ್ಲಿ ಹಳೆಯ ಬಟ್ಟೆಯ ಮೇಲೆ ಮಲಗಿದ ಒಂದೊಂದು ರೂಪಾಯಿ. ರಾಣಿಯ ಮುಖದ್ದು, ಬೋಳುತಲೆಯ ರಾಜನದ್ದು, ಆಮೇಲಿನ ಗಡ್ಡದ ರಾಜನದ್ದು. ಆ ರಾಜನ ಅಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆಂದು ಜನ ಗಲಾಟೆ ಮಾಡಿ ಸರ್ಕಾರ ಹಿಂದಕ್ಕೆ ಪಡೆದ ರೂಪಾಯಿಯೂ ಅವರಲ್ಲಿತ್ತು.

ಮಾವನ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಆಪರೇಷನ್ ಎಂದರೆ ಹೆದರಿಕೆ. ಹಾಗಾಗಿ ಅವರಿಗೆ ಕಣ್ಣು ನಾನಾದೆ. ಒಂದೂವರೆ ವರ್ಷ ಶಾಲೆಗೆ ಹೋಗಿ ಬಂದಿದ್ದೆ. ಒಂದು ಮಳೆಗಾಲ ಜ್ವರ ಬಂದು ಮನೆಯಲ್ಲಿ ಉಳಿದವಳನ್ನು ಮಾವ ಉಪ್ಪರಿಗೆಗೆ ಕರೆದರು, ಅಷ್ಟೇ, ಮತ್ತೆ ಕೆಳಗೆ ಬಿಡಲಿಲ್ಲ. ಕಡಲ ಗಾಳಿಯ ಉಪ್ಪು ನಾಣ್ಯಕ್ಕೆ ಆಗುವುದಿಲ್ಲವೆಂದು ಆ ಕೋಣೆಯ ಕಿಟಕಿಗಳನ್ನು ಯಾವತ್ತೂ ತೆರೆಯುತ್ತಿರಲಿಲ್ಲ. ಮಾಡಿನಲ್ಲಿ ಒಂದು ಗಾಜಿನ ಹೆಂಚು, ಅದರಿಂದ ಇಳಿಯುವ ಬೆಳಕಿನ ಕೋಲು, ಅದರ ಕೆಳಗೆ ಒಂದು ಮಣೆ, ಮಣೆಯ ಮೇಲೆ ನಾನು. ಬೆಳಕು ಸರಿದ ಹಾಗೆ ಮಣೆಯನ್ನೂ ಸರಿಸಿಕೊಂಡು ಕೂರಬೇಕಿತ್ತು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಇಸವಿ ಓದಬೇಕು, "ಒಂದು, ಎಂಟು, ಆರು, ಎರಡು." ಮಾವ ಕತ್ತಲಿನಿಂದ ಕೇಳುವರು, "ಅಡಿಯಲ್ಲಿ ಚುಕ್ಕಿ ಉಂಟಾ?" "ಎರಡು ಉಂಟು ಮಾವ." "ಸರಿಯಾಗಿ ನೋಡು ಮಗಾ, ಎರಡಾ ಮೂರಾ?" ಚುಕ್ಕಿ ಎಷ್ಟೆಂಬುದರ ಮೇಲೆ ನಾಣ್ಯದ ಜಾತಿಯೇ ಬೇರೆಯಂತೆ, ಒಂದು ಚುಕ್ಕಿಯಲ್ಲಿ ಅರ್ಧ ದಿನ ಹೋಗುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳು ರಸ್ತೆಯಲ್ಲಿ ಮಗ್ಗಿ ಹೇಳಿಕೊಂಡು ಹೋಗುವುದು ಮುಚ್ಚಿದ ಕಿಟಕಿಯ ಸಂದಿನಿಂದ ಕೇಳುತ್ತಿತ್ತು, ಸಂಜೆ ಅದೇ ಮಕ್ಕಳು ಜಗಳಾಡಿಕೊಂಡು ಬರುವುದೂ ಕೇಳುತ್ತಿತ್ತು. ನಡುವೆ ರೈಲು ಹೋದರೆ ಮಧ್ಯಾಹ್ನವಾಯಿತೆಂದು ಲೆಕ್ಕ. ನಾನು ಸಣ್ಣ ಧ್ವನಿಯಲ್ಲಿ, "ಮಾವ, ಶಾಲೆ?" ಎಂದರೆ, "ಮುಂದಿನ ಜೂನಿಗೆ ನೋಡುವ" ಎನ್ನುತ್ತಿದ್ದರು. ಸಿಟ್ಟಿನಿಂದಲ್ಲ, ತಲೆ ಸವರಿಯೇ ಹೇಳುತ್ತಿದ್ದರು. ಬೈದಿದ್ದರೆ ಅತ್ತಾದರೂ ಬಿಡುತ್ತಿದ್ದೆ. ಹಾಗೆ ಎರಡು ಜೂನ್ ಹೋದವು.

ಮಾವನಿಗೆ ನಾಣ್ಯ ಬರುತ್ತಿದ್ದದ್ದು ಮಂಗಳೂರಿನ ಏಲಮಿನಿಂದ. ಅಲ್ಲಿ ಚಿನ್ನ ಬೆಳ್ಳಿ ವ್ಯಾಪಾರದ ಶರಾಫರೊಬ್ಬರು ಅವರ ಸ್ನೇಹಿತರು. ಬ್ರಿಟಿಷ್ ದೊರೆಗಳು ಇದ್ದಾಗ ಕಾಫಿ ತೋಟದವರು, ಹಂಚಿನ ಕಾರ್ಖಾನೆಯವರು ಏಲಮಿಗೆ ಬಂದು ಕೂತರೆ ಮಾವನ ಕೈಗೆ ಒಂದು ನಾಣ್ಯವೂ ಎಟಕುತ್ತಿರಲಿಲ್ಲವಂತೆ. ಸ್ವಾತಂತ್ರ್ಯ ಬಂದು ದೊರೆಗಳು ಊರಿಗೆ ಹೊರಟಾಗ ಬಂಗಲೆಗಳ ಸಾಮಾನು ರಾಶಿ ರಾಶಿಯಾಗಿ ಬಂತು. ಕಪಾಟು, ಗಡಿಯಾರಕ್ಕೆಲ್ಲ ಜನ ಮುಗಿಬಿದ್ದರು, ಸಿಗರೇಟಿನ ಡಬ್ಬಿಗಳಲ್ಲಿ ತುಂಬಿಟ್ಟ ನಾಣ್ಯಗಳನ್ನು ಕೇಳುವವರೇ ಇರಲಿಲ್ಲ. ರಾಜನೇ ಹೋದ ಮೇಲೆ ಅವನ ತಲೆಗೆ ಎಂತ ಬೆಲೆ? ಅಕ್ಕಸಾಲಿಗರು ತೂಕಕ್ಕೆ ಕೊಂಡು ಕರಗಿಸಿ ಮಕ್ಕಳ ಉಡಿದಾರ ಮಾಡಿದರು. ಮಾವ ಮಾತ್ರ ಡಬ್ಬಿಗಟ್ಟಲೆ ತಂದಿಟ್ಟರು. ಕೆಲವು ವರ್ಷದಲ್ಲಿ ಗಾಳಿ ತಿರುಗಿತು. ಬೊಂಬಾಯಿಯಿಂದ ಇಸವಿ ಕೇಳುವವರು, ಚುಕ್ಕಿ ಕೇಳುವವರು ಬರತೊಡಗಿದರು. ಶರಾಫರು ನಮ್ಮ ಜಗಲಿಯಲ್ಲಿ ಕೂತು ಎಲೆ ಮಡಚುತ್ತಾ ಹೇಳಿದ್ದು ನನಗೀಗಲೂ ಕಿವಿಯಲ್ಲುಂಟು: "ಯಜಮಾನ್ರೆ, ಈಗ ಬೆಳ್ಳಿಗಲ್ಲ ಬೆಲೆ, ಕಪ್ಪಿಗೆ. ನೂರು ವರ್ಷ ಹಿಡಿದ ಆ ಕಪ್ಪು ಹೋದ್ರೆ ಕಥೆ ಮುಗೀತು. ಮನೆಯ ಹೆಂಗಸರ ಕೈಗೆ ಮಾತ್ರ ಕೊಡ್ಬೇಡಿ ಮಾರಾಯ್ರೆ, ಹುಳಿ ಹಾಕಿ ತಿಕ್ಕಿಬಿಟ್ಟಾರು!" ಇಬ್ಬರೂ ನಕ್ಕರು. ಬಾಗಿಲ ಹಿಂದೆ ಮಜ್ಜಿಗೆಯ ಲೋಟ ಹಿಡಿದು ನಿಂತ ಅಮ್ಮ ನಗಲಿಲ್ಲ.

ಮೂರನೆಯ ಜೂನಿಗೆ ಮುಂಚೆ, ಬೇಸಗೆಯ ಒಂದು ಸಂಜೆ, ಶಾಲೆಯ ಮಾಷ್ಟ್ರು ಮನೆಗೇ ಬಂದರು. "ಹುಡುಗಿಗೆ ಹತ್ತಾಯ್ತು. ಈ ಜೂನಿಗೆ ಬಾರದಿದ್ರೆ ನಾನು ಹೆಸರು ಹೊಡೆದುಹಾಕ್ಬೇಕಾಗ್ತದೆ. ಮತ್ತೆ ಸಣ್ಣ ಮಕ್ಕಳೊಟ್ಟಿಗೆ ಕೂರುವ ನಾಚಿಕೆಗೇ ಇವಳು ಬರ್ಲಿಕ್ಕಿಲ್ಲ" ಎಂದರು. ಮಾವ ನಗುತ್ತಾ, "ಇಂಗ್ಲಿಷ್ ಅಕ್ಷರ ಇಲ್ಲೇ ಕಲ್ತಿದ್ದಾಳಲ್ಲ ಮಾಷ್ಟ್ರೇ. ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ವಿಕ್ಟೋರಿಯಾ ಅಂತ ಓದ್ಲಿಕ್ಕೆ ಬರ್ತದೆ?" ಎಂದು ಕೇಳಿದರು. "ಸತ್ತ ರಾಣಿಯ ಹೆಸರು ಓದಿ ಇವಳಿಗೆ ಎಂತ ಆಗ್ಲಿಕ್ಕುಂಟು ಯಜಮಾನ್ರೆ?" ಎಂದವರೇ ಮಾಷ್ಟ್ರು ಕೊಡೆ ತೆಗೆದುಕೊಂಡು ಎದ್ದರು. ಅವರು ಗದ್ದೆ ದಾಟುವವರೆಗೆ ಅಮ್ಮ ನೋಡುತ್ತಾ ನಿಂತಿದ್ದರು. ಬಿಸುವಿನ ಹಿಂದಿನ ದಿನ ಮಾವ ಮತ್ತೊಂದು ಏಲಮಿಗೆ ಹೊರಟರು. ಅಂದು ಅವರಿಗೆ ಖುಷಿಯೋ ಖುಷಿ. "ಹಬ್ಬ ಕಳೆದು ಬೊಂಬಾಯಿಯವರು ಬರ್ತಾರೆ ಲೀಲಾ. ಇದನ್ನು ಕೊಟ್ಟು ಇನ್ನೂ ಎರಡು ಪೆಟ್ಟಿಗೆ ಬರ್ಲಿಕ್ಕುಂಟು. ಇನ್ನೆರಡು ವರ್ಷ ನಿನಗೆ ಕೈತುಂಬ ಕೆಲಸ!" ಎಂದು ನನ್ನ ತಲೆ ಸವರಿದರು. ಅಮ್ಮ ಅಲ್ಲೇ ಅಕ್ಕಿ ಕೇರುತ್ತಿದ್ದರು. ಬಿಸುವಿನ ಬೆಳಿಗ್ಗೆ ಕಣ್ಣು ಬಿಟ್ಟೊಡನೆ ನೋಡಲೆಂದು ಕಣಿ ಇಡುವಾಗ ಅಕ್ಕಿ, ತೆಂಗಿನಕಾಯಿ, ಸೌತೆ, ಗೇರುಹಣ್ಣು, ಕನ್ನಡಿಯ ಜೊತೆ ಐದು ಬೆಳ್ಳಿ ರೂಪಾಯಿ ಇಡುವುದು ನಮ್ಮ ಮನೆಯ ಕ್ರಮ. ಅದಕ್ಕೆಂದು ಮಾವ ಸೊಂಟದಿಂದ ಬೀಗದ ಕೈ ಬಿಚ್ಚಿ ಅಮ್ಮನಿಗೆ ಕೊಟ್ಟರು. "ಐದು ತೆಗೆ. ಇದ್ದ ಹಾಗೇ ಇಡು, ಸೆರಗಿನಲ್ಲಿ ಒರೆಸ್ಲೂ ಬೇಡ." "ಆಯ್ತು ಅಣ್ಣ," ಎಂದರು ಅಮ್ಮ.

ಮಾವ ಹತ್ತಿದ ರೈಲು ಹೋದ ಮೇಲೆ ಅಮ್ಮ ಪೆಟ್ಟಿಗೆಯ ನಾಣ್ಯಗಳನ್ನೆಲ್ಲ ಗೆರಸೆಗೆ ಸುರಿದುಕೊಂಡು ಬಾವಿಕಟ್ಟೆಗೆ ಬಂದರು. ಐದಲ್ಲ, ಎಲ್ಲವನ್ನೂ. "ಹುಳಿ ನೆನೆಹಾಕು" ಎಂದರು. "ಮಾವ ಬೈತಾರೆ ಅಮ್ಮ!" ಎಂದೆ. "ಬಿಸುವಿಗೆ ಕಪ್ಪು ಕಣಿ ಇಡ್ಲಿಕ್ಕುಂಟಾ? ಬೂದಿ ತಾ." ತೆಂಗಿನ ನಾರಿನಲ್ಲಿ ಒಂದೊಂದನ್ನೇ ತಿಕ್ಕಿದರು. ಮೊದಲು ಹುಳಿ, ಆಮೇಲೆ ಬೂದಿ, ಕೊನೆಗೆ ಅಂಟುವಾಳದ ನೊರೆ. ಕಪ್ಪು ನೀರು ಬಾಳೆಯ ಬುಡಕ್ಕೆ ಹರಿದು ಹೋಯಿತು. ಎರಡು ವರ್ಷ ನಾನು ಅಂಚು ಹಿಡಿದು ಜೋಪಾನ ಮಾಡಿದ್ದು ಅಮ್ಮನ ಬೆರಳಡಿಯಲ್ಲಿ ಹೊಸ ತಂಬಿಗೆಯ ಹಾಗೆ ಹೊಳೆಯತೊಡಗಿತು. "ಕೆಳಗೆ ಬಿದ್ದದ್ದು ಯಾವುದಾದ್ರೂ ಉಂಟಾ ನೋಡು. ಒಂದನ್ನೂ ಬಿಡ್ಬೇಡ" ಎಂದರು. ನನಗೆ ಮಾವನ ಹೆದರಿಕೆ ಇತ್ತು. ಆದರೆ ಸುಳ್ಳು ಹೇಳುವುದಿಲ್ಲ, ನಾನೂ ತಿಕ್ಕಿದೆ.

ಮಾವ ರಾತ್ರಿ ತಡವಾಗಿ ಮರಳಿ ಬಂದು ಮಲಗಿದ್ದರು. ಬೆಳಗಿನ ಜಾವ ಅಮ್ಮ ಅವರ ಕೈಹಿಡಿದು, ಕಣ್ಣು ಮುಚ್ಚಿಸಿ, ಕಣಿಯ ಮುಂದೆ ಕೂರಿಸಿದರು. ಅಕ್ಕಿಯ ಮೇಲೆ, ಹಣ್ಣಿನ ಸುತ್ತ, ದೀಪದ ಎದುರು ಎಲ್ಲ ರೂಪಾಯಿಗಳನ್ನೂ ಹರಡಿದ್ದರು. ಮಾವ ಕಣ್ಣು ಬಿಟ್ಟರು. ನಾನು ಅಮ್ಮನ ಹಿಂದೆ ನಿಂತಿದ್ದೆ. ಬೈಗುಳ ಬರಲಿಲ್ಲ. ಮಾವನ ಮುಖ ಮಗುವಿನ ಹಾಗೆ ಅರಳಿತು. "ಕಾಣ್ತದೆ" ಎಂದರು. "ಲೀಲಾ, ರಾಣಿಯ ಮುಖ ಕಾಣ್ತದೆ! ನನಗೇ ಕಾಣ್ತದೆ!" ಒಂದನ್ನು ಎತ್ತಿ ಕಣ್ಣ ಹತ್ತಿರ ತಂದರು. ಬೆರಳಿಗೆ ನುಣುಪು ಸಿಕ್ಕಿತು, ಮೂಗಿಗೆ ಹುಳಿಯ ವಾಸನೆ ಬಂತು. ಅರಳಿದ ಮುಖ ಹಾಗೇ ನಿಂತುಹೋಯಿತು. ಇನ್ನೊಂದನ್ನು ಸವರಿ ನೋಡಿ ಕೇಳಿದರು, "ಎಲ್ಲ ತೊಳೆದಿಯಾ?" "ಹೌದು ಅಣ್ಣ. ಬಿಸು ಅಲ್ವಾ." "ಒಂದೂ ಉಳಿಸ್ಲಿಲ್ವಾ?" "ಇಲ್ಲ." ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಿದರು. ಮಾವನಿಗೆ ಎಷ್ಟು ಕಂಡಿತೋ ಗೊತ್ತಿಲ್ಲ. ಹಬ್ಬದ ಕ್ರಮದಂತೆ ನಾನು ಮಾವನ ಕಾಲಿಗೆ ಬಿದ್ದೆ. ಮಾವ ಕೈಯಲ್ಲಿದ್ದ ರೂಪಾಯಿಯನ್ನು ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿ, "ಶಾಲೆಗೆ ಸ್ಲೇಟು ಬೇಕಾದೀತು" ಎಂದರು. ಆ ಧ್ವನಿ ನೆನೆದರೆ ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ. ಶರಾಫರು ಬಂದು ನೋಡಿ, ತಲೆ ಅಲ್ಲಾಡಿಸಿ, ತೂಕಕ್ಕೆ ಹಾಕಿಕೊಂಡು ಹೋದರು. ಬೊಂಬಾಯಿಯವರು ಬರಲಿಲ್ಲ, ಬೇರೆ ಪೆಟ್ಟಿಗೆಯೂ ಬರಲಿಲ್ಲ. ಉಪ್ಪರಿಗೆಯ ಕಿಟಕಿಗಳನ್ನು ಅಮ್ಮ ತೆರೆದಿಟ್ಟರು. ಮಾವ ಮತ್ತೆ ಆ ಕೋಣೆಗೆ ಹತ್ತಲಿಲ್ಲ.

ಜೂನಿನಲ್ಲಿ ನಾನು ಶಾಲೆಗೆ ಹೋದೆ, ಮಾಷ್ಟ್ರು ಮೂರನೆಯ ಕ್ಲಾಸಿನಲ್ಲಿ ಕೂರಿಸಿದರು. ಮೂರು ವರ್ಷ. ಆಮೇಲೆ ಮಾವನ ಕಣ್ಣು ಪೂರ್ತಿ ಹೋಯಿತು, ಕೈಹಿಡಿದು ನಡೆಸಲು ಒಬ್ಬರು ಬೇಕಾಯಿತು, ಮನೆಯಲ್ಲಿ ಇದ್ದದ್ದು ನಾನೇ. ಈ ಸಲ ಯಾರೂ ತಡೆದು ನಿಲ್ಲಿಸಿದ್ದಲ್ಲ, ನನಗೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಆ ಬಂಧನಕ್ಕೆ ಬಾಗಿಲೂ ಇರಲಿಲ್ಲ, ಬೀಗವೂ ಇರಲಿಲ್ಲ, ತೆಗೆಯುವುದು ಹೇಗೆ? ಮಾವ ತೀರಿಕೊಳ್ಳುವಾಗ ನನಗೆ ಮದುವೆಯ ವಯಸ್ಸು. ಈಗ ಏಲಂ ಫೋನಿನಲ್ಲೇ ನಡೆಯುತ್ತದಂತೆ, ಮೊಮ್ಮಗಳು ಒಮ್ಮೆ ತೋರಿಸಿದಳು. ಕಪ್ಪು ಹಿಡಿದ ರಾಣಿ ರೂಪಾಯಿಯ ಪಟ, ಅದರಡಿಯಲ್ಲಿ ತೊಳೆಯದ್ದು ಎಂದು ದೊಡ್ಡದಾಗಿ ಬರೆದಿದ್ದರು. ಬೆಲೆ ಓದಿ ಹೇಳಿದಾಗ ನಾನು ಬೇಡ, ಮುಚ್ಚು ಎಂದೆ. ಮಾವನನ್ನು ನಾವಿಬ್ಬರು ಸೇರಿ ದೋಚಿದ ಹಾಗೆ ಒಮ್ಮೊಮ್ಮೆ ಅನಿಸುತ್ತದೆ. ಒಮ್ಮೊಮ್ಮೆ ಆ ಮೂರು ವರ್ಷ ನೆನೆದು, ಅಮ್ಮನ ಕಾಲು ಸಿಕ್ಕಿದರೆ ಹಿಡಿದುಬಿಡುತ್ತೇನೆ ಅನಿಸುತ್ತದೆ.

ಸಂಜೆ ಮಗ ಕೆಲಸದಿಂದ ಬೇಗ ಬಂದ, ಮಂಜೇಶ್ವರದಿಂದ ಮಗಳೂ ಅಳಿಯನೂ ಮಕ್ಕಳನ್ನು ಕಟ್ಟಿಕೊಂಡು ಬಂದರು. ಕೊಚ್ಚಕ್ಕಿ ಅನ್ನ, ಬಂಗುಡೆ ಗಸಿ, ಮೊಮ್ಮಗಳಿಗೆ ಇಷ್ಟದ ಹಲಸಿನ ಹಪ್ಪಳ. ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ನೆಲದಲ್ಲೇ ಕೂತೆವು. ನಾನು ಅಷ್ಟರವರೆಗೆ ಬರೆದದ್ದನ್ನು ಅಕ್ಷತಾ ಆಗಲೇ ಓದಿದ್ದಳು. ಅನ್ನ ಕಲಸುತ್ತಾ ಕೇಳಿದಳು, "ಅಜ್ಜೀ, ನಿಮ್ಮ ಅಮ್ಮ ಬೇಕೂಂತಲೇ ತೊಳೆದದ್ದಾ?"

"ನಾನು ಕೇಳ್ಲಿಲ್ಲ ಮಗಾ. ಕೇಳಿದ್ರೆ ಅವರು ಹೌದು ಅನ್ನಬೇಕಾಗ್ತಿತ್ತು."

ಮಗಳ ಸಣ್ಣವನು ಹಪ್ಪಳ ಮುರಿದ ಸದ್ದು ಕೇಳಿತು. ಸೊಸೆ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಗಸಿ ಬಡಿಸಿದಳು, ನಾವೆಲ್ಲ ಉಂಡೆವು.