ಪಾಲು ಮಾಡಿದವಳಿಗೆ ಕೊನೆಯ ಪಾಲು

ಬೆಳಗಿನ ಐದೂವರೆ. ಬೋಲ್ಡರ್ ಊರಿನ ಅಂಚಿನ ತಗಡಿನ ಶೆಡ್ಡಿನಲ್ಲಿ ಡಲ್ಸಿ ರಾಡಿಚ್ ರಬ್ಬರ್ ಹಾಳೆಯ ಒಂದು ಮೂಲೆ ಹಿಡಿದು ಎತ್ತುತ್ತಾರೆ. ಹಾಳೆಯ ಮೇಲಿನ ಕಂದು ಪುಡಿ ಮಗುಚಿ ಆಚೆಗೆ ಉರುಳುತ್ತದೆ. ಎದುರು ಮೂಲೆ ಎತ್ತಿದರೆ ಈಚೆಗೆ. ಮುಖವಾಡದೊಳಗೆ ಎಣಿಕೆ ನಡೆದಿದೆ. ಇಪ್ಪತ್ತೈದಕ್ಕೆ ನಿಂತು, ಸೊಂಟಕ್ಕೆ ಕೈ ಕೊಟ್ಟು ಉಸ್ಸಪ್ಪಾ ಎನ್ನುತ್ತಾರೆ.

"ಮಧ್ಯೆ ಮಾತಾಡಿಸ್ಬೇಡ" ಎಂದು ಮೊದಲೇ ಗದರಿಸಿದ್ದರು. "ಎಣಿಕೆ ತಪ್ಪಿದ್ರೆ ಮತ್ತೆ ಒಂದರಿಂದ ಶುರು. ನಿಂಗೇನು, ಬರ್ಕೊಂಡು ಹೋಗ್ತೀಯ. ಬೆನ್ನು ನಂದು!"

ರೇರ್ ಅರ್ತ್ ಎಂದು ದಿನಾ ಪೇಪರಿನಲ್ಲಿ ಓದುತ್ತೀರಲ್ಲ, ಆ ವಿರಳ ಖನಿಜದ ಪುಡಿ ಇದು. ಉತ್ತರದ ಗಣಿಯಿಂದ ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ಇಲ್ಲಿಂದ ಹಡಗು ಹತ್ತಿ ಮಲೇಷ್ಯಾದ ಮುವಾರ್‌ಗೆ, ಅಲ್ಲಿ ಲೋಹಗಳು ಬೇರೆಬೇರೆಯಾಗಿ ಜಪಾನಿಗೆ ಹೋಗುತ್ತವೆ. ಕೊನೆಗೆ ಅಯಸ್ಕಾಂತವಾಗಿ ನಿಮ್ಮ ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರಿನಲ್ಲಿ ಕೂರುತ್ತವೆ. ಇದಕ್ಕಾಗಿ ದೊಡ್ಡವರು ಕೈ ಕುಲುಕುವುದನ್ನು ಟಿವಿಯಲ್ಲಿ ನೋಡಿಯೇ ಇದ್ದೇವೆ. ಆದರೆ ಚೀಲದಲ್ಲಿ ಲೋಹ ಎಷ್ಟಿದೆ ಎಂಬುದರಲ್ಲೇ ಕೊಟ್ಟವರಿಗೂ ಕೊಂಡವರಿಗೂ ಜಗಳ ಬಿದ್ದರೆ ಆ ಕೈಕುಲುಕಾಟವನ್ನು ಏನು ಮಾಡೋಣ? ಅಂಥ ಜಗಳ ಬಾರದಂತೆ ಹತ್ತೊಂಬತ್ತು ವರ್ಷ ನೋಡಿಕೊಂಡವರು ಈ ಐವತ್ತೊಂಬತ್ತರ ಹೆಂಗಸು.

ಒಂದು ಸರಕಿಗೆ ನಲವತ್ತು ಚೀಲ, ಒಂದೊಂದೂ ಸಾವಿರ ಕಿಲೋ. ಪ್ರತಿ ಚೀಲಕ್ಕೂ ಡಲ್ಸಿ ಉದ್ದನೆಯ ಕೊಳವೆಯನ್ನು ತಳದವರೆಗೆ ಚುಚ್ಚಿ ಒಂದು ಮಗ್ ಪುಡಿ ತೆಗೆಯುತ್ತಾರೆ. ನಲವತ್ತು ಮಗ್ಗನ್ನೂ ಹಾಳೆಯ ಮೇಲೆ ಸುರಿದು, ಉರುಳಿಸಿ, ರಾಶಿ ಮಾಡಿ, ರಾಶಿಯನ್ನು ದೋಸೆಯಂತೆ ಚಪ್ಪಟೆ ಮಾಡಿ ನಾಲ್ಕು ಪಾಲು ಹಾಕುತ್ತಾರೆ. ಎದುರುಬದುರು ಎರಡು ಪಾಲು ತೆಗೆದುಹಾಕಿ, ಉಳಿದದ್ದನ್ನು ಮತ್ತೆ ಉರುಳಿಸಿ ಮತ್ತೆ ನಾಲ್ಕು. ಹೀಗೆ ಇಳಿಸುತ್ತ ಇಳಿಸುತ್ತ ಕೊನೆಗೆ ಅಂಗೈಯಗಲದ ನಾಲ್ಕು ಗುಡ್ಡೆ ಉಳಿಯುತ್ತವೆ. ಒಂದು ಇಲ್ಲಿನ ಪ್ರಯೋಗಾಲಯಕ್ಕೆ, ಒಂದು ಮುವಾರ್‌ಗೆ. ಮೂರನೆಯದು ಮುದ್ರೆ ಬಿದ್ದು ಬೀರುವಿಗೆ. ಇಬ್ಬರ ಅಂಕಿ ತಾಳೆಯಾಗದಿದ್ದರೆ ಮಾತ್ರ ಅದನ್ನು ಮೂರನೆಯ ದೇಶದ ಪ್ರಯೋಗಾಲಯ ಒಡೆಯುತ್ತದೆ, ಅದು ಹೇಳಿದ್ದೇ ಅಂತಿಮ. ನಾಲ್ಕನೆಯ ಗುಡ್ಡೆ ವಾಪಸು ಚೀಲಕ್ಕೆ.

ಯಾವ ಗುಡ್ಡೆ ಯಾರಿಗೆ ಎಂದು ಡಲ್ಸಿ ಆರಿಸುವುದಿಲ್ಲ. ಮುವಾರ್‌ನ ಪ್ರಯೋಗಾಲಯದ ರೊಹಾಯಾಗೆ ಫೋನು ಮಾಡುತ್ತಾರೆ. "ಬಾಗಿಲ ಕಡೇದಾ, ಕಿಟಕಿ ಕಡೇದಾ?" ರೊಹಾಯಾ ಆರಿಸಿದ ಮೇಲೆಯೇ ಉಳಿದವರ ಪಾಲು. ಒಪ್ಪಂದದಲ್ಲಿ ಎಲ್ಲೂ ಇಲ್ಲದ ನಿಯಮ ಇದು.

"ನಮ್ಮಮ್ಮಂದು" ಎನ್ನುತ್ತಾರೆ ಡಲ್ಸಿ. ತಾತನ ಕಾಲಕ್ಕೆ ಕ್ರೊಯೇಷಿಯಾದಿಂದ ಚಿನ್ನದ ಗಣಿಗೆ ಬಂದ ಮನೆತನ, ಒಲೆಯ ಸುತ್ತ ಏಳು ಮಕ್ಕಳು. "ಅಕ್ರೋಟಿನ ರೊಟ್ಟಿ ಮಾಡಿದ ದಿನ ಚಾಕು ನನ್ ಕೈಗೇ ಕೊಡೋಳು. ಕತ್ತರಿಸಿದೋಳು ಕೊನೇಲಿ ತಗೋಬೇಕು. ಒಂದ್ಸಲ ಸೊಟ್ಟ ಕತ್ತರಿಸ್ದೆ ನೋಡು, ಚೂರುಪಾರು ಉಳೀತು. ಆಮೇಲೆ ಜನ್ಮದಲ್ಲಿ ಸೊಟ್ಟ ಕತ್ತರಿಸ್ಲಿಲ್ಲ!"

ಅಪ್ಪ ಗಣಿಯ ಧೂಳು ಕುಡಿದು ಕುಡಿದೇ ಹೋದವರು. ಹಾಗಾಗಿ ನಲವತ್ನಾಲ್ಕು ಡಿಗ್ರಿಯ ಸೆಕೆಯಲ್ಲೂ ಡಲ್ಸಿಯ ಮುಖವಾಡ ಇಳಿಯುವುದಿಲ್ಲ. ಬಲ ಭುಜಕ್ಕೆ ಎರಡು ಸಲ ಶಸ್ತ್ರಚಿಕಿತ್ಸೆಯಾಗಿದೆ. ಅದರ ಬಗ್ಗೆ ಕೇಳಿದರೆ "ಎಡಗೈ ಇದೆಯಲ್ಲ" ಎಂದು ಮಾತು ಮುಗಿಸುತ್ತಾರೆ.

ಆದರೆ ನಾನು ಈವತ್ತೇ ಬಂದದ್ದಕ್ಕೆ ಬೇರೆ ಕಾರಣವಿದೆ. ಹತ್ತು ವಾರ ಡಲ್ಸಿಗೆ ಪಾಲು ಮಾಡುವ ಕೆಲಸ ಇರಲಿಲ್ಲ. ಪೊಟ್ಟಣಗಳಿಗೆ ಒತ್ತುವ ಮುದ್ರೆ ಕಿತ್ತುಕೊಂಡು, ಖಾಲಿ ಚೀಲ ಮಡಿಸಲು ಹಾಕಿದ್ದರು. ಈವತ್ತು ಮತ್ತೆ ಮೊದಲ ದಿನ.

ಆದದ್ದಿಷ್ಟು. ಮೂರು ದೇಶದ ಸಹಕಾರವನ್ನು ಕಣ್ಣಾರೆ ನೋಡಲು ಒಂದು ಬಸ್ಸು ತುಂಬ ಗಣ್ಯರು ಬಂದರು. ಡಲ್ಸಿ ಆಗಷ್ಟೇ ನಾಲ್ಕು ಗುಡ್ಡೆ ಮಾಡಿ ಮುಗಿಸಿದ್ದರು. ಫೋಟೊದವನಿಗೆ ಗುಡ್ಡೆ ತೀರಾ ಚಿಕ್ಕದಾಗಿ ಕಂಡಿತಂತೆ. ಎಲ್ಲ ಒಂದು ಡಬ್ಬಿಗೆ ತುಂಬಿ, ಮೇಲಿಂದ ಪೊಟ್ಟಣಗಳಿಗೆ ಸುರಿದರೆ ಚೆನ್ನಾಗಿ ಬರುತ್ತದೆ ಎಂದ. ಅಯ್ಯೋ, ಅವನ ಕ್ಯಾಮೆರಾ ಮನೆ ಹಾಳಾಗ! ಡಬ್ಬಿ ತಟ್ಟಿದರೆ ಲೋಹ ಹೆಚ್ಚಿರುವ ಭಾರದ ಕಾಳು ತಳಕ್ಕೆ ಇಳಿಯುತ್ತದೆ, ಹಗುರದ್ದು ಮೇಲೆ ಉಳಿಯುತ್ತದೆ. ಈ ಶೆಡ್ಡಿನ ಬೆಕ್ಕಿಗೂ ಗೊತ್ತಿರುವ ಸಂಗತಿ.

"ಗೊತ್ತಿದ್ದೂ ಮಾಡ್ದೆ" ಎನ್ನುತ್ತಾರೆ ಡಲ್ಸಿ. "ಎಲ್ಲ ನಗ್ತಾ ನಿಂತಿದ್ರು. ನಂಗೂ ಫೋಟೊ ಆಸೆ, ಸುಳ್ಳ್ಯಾಕೆ? ಬಸ್ ಹೋದ್ಮೇಲೆ ಮತ್ತೆ ಸರಿಯಾಗಿ ಮಾಡಿದ್ರಾಯ್ತು ಅಂದ್ಕೊಂಡೆ. ಅಷ್ಟ್ರಲ್ಲಿ ಅವ್ರಲ್ಲೊಬ್ರು ಪೊಟ್ಟಣಗಳಿಗೆ ತಾವೇ ಮುದ್ರೆ ಒತ್ಬಿಟ್ರು. ಚಪ್ಪಾಳೆ ಬೇರೆ. ಬಾಯಿ ಬಿಡೋಕೆ ನಾಚಿಕೆ ಆಯ್ತು."

ಡಬ್ಬಿಯ ಮೇಲಿನ ಹಗುರ ಪುಡಿ ಮುವಾರ್‌ನ ಪೊಟ್ಟಣಕ್ಕೆ ಬಿದ್ದಿತ್ತು. ತಳದ ಭಾರದ್ದು ನಮ್ಮದಕ್ಕೂ ಮೂರನೆಯದಕ್ಕೂ. ಆ ದಿನ ರೊಹಾಯಾಗೆ ಫೋನೂ ಹೋಗಲಿಲ್ಲ.

ತಿಂಗಳೊಳಗೆ ಜಗಳ ಹತ್ತಿತು. ಮುವಾರ್‌ನ ಅಂಕಿ ಕಡಿಮೆ, ನಮ್ಮದು ಜಾಸ್ತಿ. ಅವರದು ಕಳ್ಳಲೆಕ್ಕ ಎಂದು ಇವರು, ಇವರದೇ ಕಳ್ಳಲೆಕ್ಕ ಎಂದು ಅವರು. ಮೂರನೆಯ ಪೊಟ್ಟಣ ಒಡೆಯುವುದೆಂದು ತೀರ್ಮಾನವಾಯಿತು. ಅದಕ್ಕೆ ಮುಂಚೆಯೇ ಮುವಾರ್‌ನಲ್ಲಿ ರೊಹಾಯಾಗೆ ನೋಟಿಸು ಕೊಟ್ಟಿದ್ದರು. ತೀರ್ಪು ಅವಳಿಗೆ ವಿರುದ್ಧ ಬಂದರೆ ಹನ್ನೊಂದು ವರ್ಷದ ಕೆಲಸ ಹೋಗುತ್ತಿತ್ತು.

ಡಲ್ಸಿ ಸುಮ್ಮನಿದ್ದರೆ ನಮ್ಮವರು ಗೆಲ್ಲುತ್ತಿದ್ದರು. ಒಂದು ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಆದರೆ ಅವರು ಮ್ಯಾನೇಜರ್ ಕ್ಲೈವ್ ಪಿಲ್‌ಬೀಮ್‌ನ ಕೋಣೆಗೆ ಹೋಗಿ ಆ ಫೋಟೊದ ಕಥೆ ಪೂರ್ತಿ ಹೇಳಿದರು. ಕ್ಲೈವ್ ಕೂಗಾಡಿದ್ದು ಶೆಡ್ಡಿನವರೆಗೂ ಕೇಳಿಸಿತಂತೆ.

"ತಲೆ ಕೆಟ್ಟಿದ್ಯಾ ಡಲ್ಸಿ? ಮೂರನೇದು ಒಡೆದ್ರೆ ನಾವೇ ಗೆಲ್ತೀವಿ!"

"ಅದಕ್ಕೇ ಒಡೀಬೇಡ ಅಂತಿರೋದು, ಕ್ಲೈವ್."

ಕೊನೆಗೆ ಆ ಪೊಟ್ಟಣ ಒಡೆಯದೆ, ಮುವಾರ್‌ನ ಗೋದಾಮಿನಲ್ಲಿದ್ದ ನಲವತ್ತು ಚೀಲಕ್ಕೂ ಎರಡೂ ಕಡೆಯವರ ಮುಂದೆ ಮತ್ತೆ ಕೊಳವೆ ಚುಚ್ಚಿದರು. ಚುಚ್ಚಿದವಳು ರೊಹಾಯಾ. ಬಂದ ಅಂಕಿ ಎರಡರ ನಡುವೆ ನಿಂತಿತು. ಸರಕು ಉಳಿಯಿತು, ರೊಹಾಯಾಳ ಕೆಲಸವೂ ಉಳಿಯಿತು. ಡಲ್ಸಿಯ ಹತ್ತೊಂಬತ್ತು ವರ್ಷದ ಹೆಸರಿಗೆ ಮಾತ್ರ ಎಚ್ಚರಿಕೆ ಪತ್ರ ಅಂಟಿತು. ಜೊತೆಯವರಲ್ಲಿ ಕೆಲವರು ಇನ್ನೂ ಮಾತು ಬಿಟ್ಟಿದ್ದಾರೆ, ಮನೆಯವರನ್ನೇ ಸೋಲಿಸಿದಳೆಂದು. ನನಗಂತೂ ಆ ಕೆಲವರ ಮೇಲೆ ಕೆಟ್ಟ ಕೋಪವಿದೆ, ಇಲ್ಲಿ ಬರೆದೇ ತೀರುತ್ತೇನೆ.

ನಿಮಗೆ ಇನ್ನೇನು ಬೇಕು ಎಂದು ಕೇಳುತ್ತೇನೆ. ಡಲ್ಸಿ ಮುಖವಾಡ ಕುತ್ತಿಗೆಗೆ ಇಳಿಸಿ ನೀರು ಕುಡಿಯುತ್ತಾರೆ. "ಒಂದ್ಸಲ ಮುವಾರ್‌ಗೆ ಹೋಗ್ಬೇಕು. ಹನ್ನೊಂದು ವರ್ಷ ಆಯ್ತು, ಅವಳ ಮುಖಾನೇ ನೋಡಿಲ್ಲ. ಏನೋ ತೆಂಗಿನ ಹಾಲಿನ ಅನ್ನ ಮಾಡ್ತಾಳಂತೆ, ಬಾಯಲ್ಲೇ ಎಷ್ಟು ದಿನ ಬಡಿಸ್ತಾಳೆ?"

ಗಡಿಯಾರದಲ್ಲಿ ಎರಡೂ ಊರಿಗೆ ಒಂದೇ ಹೊತ್ತು. ಆರೂವರೆಗೆ, ರೊಹಾಯಾಳ ಬೆಳಗಿನ ನಮಾಜು ಮುಗಿದಿರುತ್ತದೆಂಬ ಅಂದಾಜಿನಲ್ಲಿ ಡಲ್ಸಿ ಫೋನು ಒತ್ತುತ್ತಾರೆ. ಸ್ಪೀಕರಿನಲ್ಲಿ ಬಾಣಲೆಯ ಚುರ್ ಸದ್ದು, ಅದರ ಹಿಂದೆಯೇ ಒಂದು ಕಿರುಚು.

"ಕಾಕ್! ಕಾಕ್ ಡಲ್ಸಿ!" ಅವರ ಕಡೆ ಅಕ್ಕನಿಗೆ ಹಾಗೆನ್ನುತ್ತಾರೆ. "ಮುದ್ರೆ ವಾಪಸ್ ಕೊಟ್ರಾ?"

"ಕೊಟ್ರು ಕಣೇ. ಅಳ್ಬೇಡ, ಒಲೆ ಮೇಲಿಂದು ಸೀದು ಹೋಗತ್ತೆ. ನಾಲ್ಕು ಗುಡ್ಡೆ ರೆಡಿ ಇದೆ. ಯಾವ್ದು ನಿಂಗೆ?"

ಆ ಕಡೆ ಮೂಗೊರೆಸುವ ಸದ್ದು.

"ನಾನೇನು ಆರಿಸ್ಲಿ ಕಾಕ್? ನಿಮ್ಮನ್ನ ನಂಬ್ದೆ ಇನ್ಯಾರನ್ನ ನಂಬ್ಲಿ. ನೀವೇ ತೆಗೆದು ಕಳ್ಸಿ, ಯಾವ್ದಾದ್ರೂ ಸರಿ."

ಡಲ್ಸಿ ಮುಖ ಆಚೆ ತಿರುಗಿಸಿ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮತ್ತೆ ಫೋನಿಗೆ ಬಾಗಿದಾಗ ದನಿ ಗಟ್ಟಿಯಾಗಿದೆ.

"ಸುಮ್ನಿರೇ, ನಂಬ್ತಾಳಂತೆ! ಕತ್ತರಿಸಿದೋಳು ನಾನು. ಬಾಗಿಲ ಕಡೇದಾ, ಕಿಟಕಿ ಕಡೇದಾ, ಬೇಗ ಹೇಳು."